ಮುಳುಗಡೆ ಊರುಗಳ ಕಾಗದಪತ್ರ ಕೂಡಿಸುತ್ತಿದ್ದೇವೆ: ಹೇಗೆ ಇಟ್ಟುಕೊಳ್ಳೋದು, ಯಾರಿಗೆ ಕೊಡೋದು?

ಹಿನ್ನೀರಿನ ಟೀಚರ್ ಕೇಳಿದ್ದು

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗ ಜಿಲ್ಲೆಯ ಒಂದು ಹಳ್ಳಿಯಲ್ಲಿ ಹೈಸ್ಕೂಲ್ ಟೀಚರ್. ನಮ್ಮೂರಿನ ಹೆಚ್ಚಿನ ಮನೆಗಳು ಶರಾವತಿ ಮುಳುಗಡೆಯಿಂದ ಎದ್ದು ಬಂದವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಆದಾಗ ಬಂದವರ ಮಕ್ಕಳು, ಮೊಮ್ಮಕ್ಕಳು ಈಗ ಇಲ್ಲಿದ್ದಾರೆ. ಆಗ ದೊಡ್ಡವರಾಗಿದ್ದವರು ಬೆರಳೆಣಿಕೆಯಷ್ಟು ಜನ ಉಳಿದಿದ್ದಾರೆ.

ಕಳೆದ ವರ್ಷ ನಾವು ಕೆಲವರು ಸೇರಿ ಊರಿನ ಇತಿಹಾಸಕ್ಕೆ ಅಂತ ಒಂದು ಸಣ್ಣ ಕೂಟ ಮಾಡಿಕೊಂಡೆವು. ಹಾಲಿನ ಡೇರಿಯ ಹಿಂದಿನ ಕೋಣೆಯಲ್ಲಿ ಒಂದು ಬೀರು ಇಟ್ಟಿದ್ದೇವೆ. ಜನ ತಂದು ಕೊಡುತ್ತಿರುವುದನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಭೂಸ್ವಾಧೀನದ ನೋಟಿಸುಗಳು, ಪರಿಹಾರ ತೆಗೆದುಕೊಂಡ ರಸೀದಿ, ಗೇಣಿ ಚೀಟಿಗಳು, ಮುಳುಗಿದ ಶಾಲೆಯ ಒಂದು ಗ್ರೂಪ್ ಫೋಟೊ, ಬಯಲಾಟದ ಕರಪತ್ರ, ಮದುವೆ ಕಾಗದ, ಅಡಿಕೆ ಮಂಡಿಯ ಲೆಕ್ಕದ ಪುಸ್ತಕ. ಒಬ್ಬರು 1990ರ ದಶಕದಲ್ಲಿ ಹಿರಿಯರನ್ನು ಮಾತಾಡಿಸಿ ರೆಕಾರ್ಡ್ ಮಾಡಿದ ಕ್ಯಾಸೆಟ್‌ಗಳ ಡಬ್ಬಿಯನ್ನೇ ಕೊಟ್ಟಿದ್ದಾರೆ. ಇನ್ನೊಂದು ಮನೆಯಿಂದ ಕಪ್ಪು ಬಟ್ಟೆಯ ಕಡತ ಬಂದಿದೆ. ಮಡಚಿ ಮಡಚಿ ಇಟ್ಟದ್ದು, ಬಿಳಿ ಅಕ್ಷರ, ಮೇಲೆಲ್ಲ ಧೂಳು.

ಈಗ ತೊಂದರೆ ಏನೆಂದರೆ, ಮಳೆಗಾಲ ಮುಗಿಯುವಷ್ಟರಲ್ಲಿ ಬೀರುವಿನಲ್ಲಿ ಬೂಷ್ಟು ಬಂದಿದೆ. ನಮ್ಮ ಹುಡುಗರು ಎಲ್ಲವನ್ನೂ ಲ್ಯಾಮಿನೇಷನ್ ಮಾಡಿಸೋಣ ಅಂತಿದ್ದಾರೆ. ಒಂದು ಕಟ್ಟನ್ನು ಆಗಲೇ ಪೇಟೆಯ ಅಂಗಡಿಗೆ ಕೊಟ್ಟೂ ಬಂದಿದ್ದಾರೆ. ಇನ್ನು ಕೆಲವರು ಎಲ್ಲವನ್ನೂ ಫೋಟೊ ತೆಗೆದು ಫೇಸ್‌ಬುಕ್‌ಗೆ ಹಾಕೋಣ ಅನ್ನುತ್ತಾರೆ. ಅಸಲು ಕಾಗದವನ್ನು ಯಾವುದಾದರೂ ಮ್ಯೂಸಿಯಂಗೆ ಕೊಟ್ಟುಬಿಡೋಣ ಅನ್ನೋದು ಮೂರನೆಯವರ ಮಾತು. ಒಬ್ಬ ಅಜ್ಜ ಮುಳುಗಿದ ತಮ್ಮ ಊರಿನ ನಕ್ಷೆಯನ್ನು ನೆನಪಿನಿಂದ ಬರೆದಿಟ್ಟಿದ್ದಾರೆ. ಆದರೆ ಅದನ್ನು ಮನೆಯಿಂದ ಹೊರಗೆ ಬಿಡುವುದಿಲ್ಲ.

ನಮ್ಮ ಹತ್ತಿರ ದುಡ್ಡು ಕಮ್ಮಿ. ತಿಳಿದವರು ದಯವಿಟ್ಟು ಹೇಳಿ. ಮತ್ತೆ ಆ ಕಡತವನ್ನು ಒದ್ದೆ ಬಟ್ಟೆಯಲ್ಲಿ ಒರೆಸಬಹುದಾ?

ಸಾಗರದ ಓದುಗ

ಮೇಡಂ, ಒಳ್ಳೆ ಕೆಲಸ. ನಾನಾದರೆ ಎಲ್ಲವನ್ನೂ ಕೆಳದಿ ಮ್ಯೂಸಿಯಂಗೆ ಕೊಡಿ ಅನ್ನುತ್ತೇನೆ. ಸಾಗರದ ಹತ್ತಿರವೇ ಇದೆ, ಕುವೆಂಪು ವಿಶ್ವವಿದ್ಯಾಲಯ ನೋಡಿಕೊಳ್ಳುತ್ತದೆ. ಕೆಳದಿ ಗುಂಡಾ ಜೋಯಿಸರು ಮನೆಮನೆ ತಿರುಗಿ ತಾಳೆಗರಿ, ಕಡತ, ಹಳೇ ಕಾಗದ ಎಲ್ಲ ಕೂಡಿಸಿದ್ದರಿಂದಲೇ ಅದು ಆಗಿದ್ದು. ಅವರು ತರದೇ ಇದ್ದಿದ್ದರೆ ಅಷ್ಟೂ ಗೆದ್ದಲಿನ ಪಾಲಾಗುತ್ತಿತ್ತು. ಹಳ್ಳಿಯ ಕೂಟ ಅಂದರೆ ಇವತ್ತು ಇರುತ್ತೆ, ನಾಳೆ ಇರಲ್ಲ. ಡೇರಿಯವರಿಗೆ ಆ ಕೋಣೆ ಬೇಕಾದರೆ ಏನು ಮಾಡ್ತೀರಿ?

ರುಮಾಲು

ಮೊದಲು ಕಡತದ ಮಾತು. ಒರೆಸಬೇಡಿ ಮೇಡಂ. ಒದ್ದೆ ಬಟ್ಟೆ ಬೇಡವೇ ಬೇಡ, ಒಣಗಿದ ಬಟ್ಟೆಯಿಂದಲೂ ತಿಕ್ಕಬೇಡಿ. ಕಡತ ಅಂದರೆ ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಮಾಡಿದ್ದು. ಅದರ ಮೇಲೆ ಬಳಪದಲ್ಲಿ ಬರೆದಿರುತ್ತಾರೆ. ಅಳಿಸಿ ಮತ್ತೆ ಬರೆಯಲಿ ಅಂತಲೇ ಹಾಗೆ ಮಾಡುತ್ತಿದ್ದದ್ದು. ಒಂದು ಸಲ ಒದ್ದೆ ಕೈ ಆಡಿಸಿದರೆ ಅಕ್ಷರ ಹೋಯಿತು, ಮತ್ತೆ ಬರಲ್ಲ. ಬಿಚ್ಚಿದಾಗ ಒಂದೊಂದೇ ಮಡಿಕೆಯ ಫೋಟೊ ತೆಗೆಯಿರಿ. ಬೆಳಕು ಒಂದು ಪಕ್ಕದಿಂದ ಓರೆಯಾಗಿ ಬೀಳುವ ಹಾಗೆ ಇಟ್ಟರೆ ಮಸುಕಾದ ಅಕ್ಷರವೂ ಎದ್ದು ಕಾಣುತ್ತದೆ. ಆಮೇಲೆ ಹಳೇ ಮಡಿಕೆಯ ಗುರುತಿನಲ್ಲೇ ಮಡಚಿ, ತೊಳೆದ ಬಿಳಿ ಹತ್ತಿಬಟ್ಟೆಯಲ್ಲಿ ಸುತ್ತಿಡಿ.

ಎರಡನೆಯದು, ಅಂಗಡಿಗೆ ಹೋದ ಆ ಕಟ್ಟನ್ನು ಇವತ್ತೇ ವಾಪಸ್ ತರಿಸಿ. ಲ್ಯಾಮಿನೇಷನ್ ಮಾಡಿದ ಕಾಗದವನ್ನು ಮತ್ತೆ ಬಿಡಿಸೋಕೆ ಆಗಲ್ಲ. ಬಿಸಿಗೆ ಅಂಟು ಕಾಗದದ ಒಳಗೇ ಇಳಿಯುತ್ತದೆ. ಒಳಗೆ ತೇವ ಉಳಿದಿದ್ದರೆ ಅಲ್ಲೇ ಬೂಷ್ಟು ಬೆಳೆಯುತ್ತದೆ. ಮುಳುಗಡೆಯ ನೋಟಿಸನ್ನು ನಾಳೆ ಯಾರಾದರೂ ಕೋರ್ಟಿಗೋ ಕಚೇರಿಗೋ ತೋರಿಸಬೇಕಾಗಿ ಬಂದರೆ, ಸೀಲು, ಸಹಿ, ಮಸಿ ಅಸಲಾ ಅಂತ ಮುಟ್ಟಿ ನೋಡೋಕೂ ಆಗದ ಹಾಗೆ ಮಾಡಿಬಿಟ್ಟಿರುತ್ತೀರಿ. ಹರಿದಿದ್ದಕ್ಕೆ ಸೆಲೋ ಟೇಪೂ ಬೇಡ. ಕೆಲವೇ ವರ್ಷದಲ್ಲಿ ಹಳದಿಯಾಗಿ, ಅಂಟು ಕಾಗದಕ್ಕಿಳಿದು, ಕಲೆ ಮಾತ್ರ ಉಳಿಯುತ್ತದೆ.

ನನ್ನ ಪರಿಚಯ ಹೇಳಿಬಿಡುತ್ತೇನೆ. ನಾನು ಒಂದು ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕೆಲಸ ಮಾಡಿ ರಿಟೈರ್ ಆದವನು. ಕೆಂಪು ರುಮಾಲಿನಲ್ಲಿ ಕಟ್ಟಿದ ದಫ್ತರಗಳ ನಡುವೆಯೇ ನನ್ನ ಕೆಲಸದ ಕಾಲ ಕಳೆಯಿತು. ಟಿಪ್ಪಣಿ, ಆಕಾರಬಂದು, ಹಳೇ ಪಹಣಿ, ಇಂಥ ಜಮೀನಿನ ದಾಖಲೆ ಹುಡುಕಿಕೊಂಡು ಬರುವ ರೈತರ ಮುಖ ನೋಡಿದ್ದೇನೆ. ಒಂದು ಚೀಟಿ ಸಿಕ್ಕರೆ ಒಂದು ಮನೆ ಉಳಿಯುತ್ತದೆ. ಸಿಗದೇ ಹೋದರೆ ಆ ಮನುಷ್ಯ ಸಾಯುವವರೆಗೂ ಅಲೆಯುತ್ತಾನೆ. ಅದಕ್ಕೇ ಹೇಳುತ್ತಿದ್ದೇನೆ, ನಿಮ್ಮ ಬೀರುವಿನಲ್ಲಿರೋದು ಬರೀ ಇತಿಹಾಸ ಅಲ್ಲ. ಶರಾವತಿ ಸಂತ್ರಸ್ತರಿಗೆ ಕೊಟ್ಟ ಎಷ್ಟೋ ಜಾಗ ಇವತ್ತಿಗೂ ಅರಣ್ಯವೋ ಕಂದಾಯವೋ ಅನ್ನೋ ತಕರಾರಿನಲ್ಲಿದೆ. ಶೆಟ್ಟಿಹಳ್ಳಿ ಕಡೆ ನೋಡಿ, ಮುಳುಗಡೆಯವರನ್ನು ತಂದು ಕೂರಿಸಿದ ಊರುಗಳು ಆಮೇಲೆ ಅಭಯಾರಣ್ಯದ ಒಳಗೆ ಸೇರಿಕೊಂಡವು. ಅಂಥ ಮನೆಯವರಿಗೆ ಆ ಕಾಲದ ಒಂದು ರಸೀದಿ ಅಂದರೆ ಏನು ಅಂತ ಯೋಚಿಸಿ.

ಹಾಗಾಗಿ ಸಾಗರದ ಓದುಗರ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ಗುಂಡಾ ಜೋಯಿಸರು ಮಾಡಿದ್ದು ದೊಡ್ಡ ಕೆಲಸ, ಎರಡು ಮಾತಿಲ್ಲ. ಆದರೆ ಅವರು ಕೂಡಿಸಿದ್ದರಲ್ಲಿ ಹೆಚ್ಚಿನದು ಅರಸರ ಕಾಲದ್ದು. ನಿಮ್ಮದು ಬದುಕಿರುವವರ ಹಕ್ಕಿನ ಕಾಗದ. ಅಸಲು ಮನೆಯಲ್ಲೇ ಇರಬೇಕು. ನೀವು ಇಟ್ಟುಕೊಳ್ಳಬೇಕಾದದ್ದು ಅದರ ಒಳ್ಳೆಯ ನಕಲು, ಮತ್ತೆ ಅದು ಯಾರದ್ದು, ಎಲ್ಲಿಂದ ಬಂತು ಅನ್ನೋ ವಿವರ. ಕೊಡುವವರೇ ಮನಸಾರೆ ಬೇಡ ಅಂದರೆ, ಮನೆಯಲ್ಲಿ ನೋಡಿಕೊಳ್ಳುವವರು ಯಾರೂ ಇಲ್ಲ ಅಂದರೆ, ಆಗ ಅಸಲನ್ನು ತೆಗೆದುಕೊಳ್ಳಿ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯವರು ಅಳಿವಿನಂಚಿನ ದಾಖಲೆಗಳಿಗೆ ಅಂತ 2004ರಿಂದ ಒಂದು ಯೋಜನೆ ನಡೆಸುತ್ತಿದ್ದಾರೆ. ಅದರಲ್ಲೂ ಇದೇ ನಿಯಮ. ಅಸಲು ಅದರ ದೇಶ ಬಿಟ್ಟು ಹೋಗಬಾರದು, ಡಿಜಿಟಲ್ ನಕಲು ಮಾತ್ರ ಹೊರಗೆ ಹೋಗಬೇಕು. ಅಷ್ಟು ದುಡ್ಡಿರುವವರೇ ಹಾಗೆ ಮಾಡುವಾಗ ನಾವು ಯಾಕೆ ಜನರ ಕೈಯಿಂದ ಕಾಗದ ಕಿತ್ತುಕೊಳ್ಳಬೇಕು?

ಈಗ ಬೂಷ್ಟು. ಬೂಷ್ಟು ಹಿಡಿದ ಕಾಗದವನ್ನು ಬೇರೆ ಮಾಡಿ, ಒಂದೊಂದನ್ನೂ ಪೇಪರ್ ಕವರಿಗೆ ಹಾಕಿ. ಪ್ಲಾಸ್ಟಿಕ್ ಬೇಡ, ತೇವ ಹೊರಗೆ ಹೋಗಲ್ಲ. ಗಾಳಿಯಾಡುವ ಕಡೆ ನೆರಳಿನಲ್ಲಿ ಹರಡಿ. ಬಿಸಿಲಿಗೆ ಒಡ್ಡಬೇಡಿ, ಮಸಿ ಹಾರುತ್ತದೆ, ಫೋಟೊ ಸುರುಳಿಯಾಗುತ್ತದೆ. ಪೂರ್ತಿ ಒಣಗಿದ ಮೇಲೆ ಮೂಗು, ಬಾಯಿಗೆ ಮಾಸ್ಕ್ ಕಟ್ಟಿಕೊಂಡು, ಮನೆಯ ಹೊರಗೆ, ಮೆತ್ತನೆಯ ಬ್ರಷ್ಷಿನಿಂದ ನಿಧಾನ ಹೊಡೆದು ತೆಗೆಯಿರಿ. ತುಕ್ಕು ಹಿಡಿದ ಗುಂಡುಪಿನ್ನು, ಸ್ಟೇಪ್ಲರ್ ಪಿನ್ನು, ರಬ್ಬರ್ ಬ್ಯಾಂಡು ಎಲ್ಲ ತೆಗೆಯಿರಿ. ತುಕ್ಕು ಕಾಗದವನ್ನು ತಿಂದು ತೂತು ಮಾಡುತ್ತದೆ. ಬಿಡಿ ಹಾಳೆ ಜೊತೆಗಿರಬೇಕು ಅಂದರೆ ನಡುವೆ ಮಡಚಿದ ದಪ್ಪ ಬಿಳಿ ಹಾಳೆಯೊಳಗೆ ಇಟ್ಟು, ಹೊರಗಿನಿಂದ ಹತ್ತಿಯ ಲಾಡಿ ಕಟ್ಟಿ.

ಬೀರುವನ್ನು ಗೋಡೆಯಿಂದ ಒಂದು ಅಡಿ ಈಚೆ ತನ್ನಿ. ಕಾಲಿಗೆ ಇಟ್ಟಿಗೆ ಕೊಟ್ಟು ಮೇಲೆತ್ತಿ. ಡೇರಿಯ ಹಿಂದಿನ ಕೋಣೆ ಅಂದಿರಿ. ಅಲ್ಲಿ ದಿನಾ ಕ್ಯಾನು ತೊಳೆಯುತ್ತಾರೆ, ತೇವ ಇದ್ದೇ ಇರುತ್ತೆ. ಸಾಧ್ಯವಾದರೆ ಶಾಲೆಯ ಮೇಲಿನ ಮಹಡಿಗೋ, ಯಾರದಾದರೂ ಒಣ ಕೋಣೆಗೋ ಬದಲಾಯಿಸಿ. ನಮ್ಮ ಮಲೆನಾಡಿನಲ್ಲಿ ಗಾಳಿಯ ತೇವ 65 ಪರ್ಸೆಂಟ್ ದಾಟಿತು ಅಂದರೆ ಬೂಷ್ಟಿಗೆ ಹಬ್ಬ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಅದಕ್ಕಿಂತ ಕೆಳಗೆ ಇಳಿಯುವುದೇ ಅಪರೂಪ. ಅದಕ್ಕೇ ಹಿಂದಿನವರು ತಾಳೆಗರಿಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರು. ಹೊಗೆಗೆ ಹುಳ ಬರುತ್ತಿರಲಿಲ್ಲ, ಬೆಚ್ಚಗೂ ಇರುತ್ತಿತ್ತು. ನಮಗೆ ಆ ಅಟ್ಟ ಇಲ್ಲ. ತೇವ ಹೀರುವ ಸಿಲಿಕಾ ಜೆಲ್ ಪುಡಿಕೆ ಇಟ್ಟು, ಅದು ಬಣ್ಣ ಬದಲಾದಾಗ ಒಣಗಿಸಿ ಮತ್ತೆ ಇಡಿ. ಮಳೆ ಬಿಟ್ಟ ದಿನ ಬೀರುವಿನ ಬಾಗಿಲು ತೆರೆದಿಡಿ. ಬಜೆ ಬೇರು, ಒಣ ಬೇವಿನ ಸೊಪ್ಪನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿ ಮೂಲೆಯಲ್ಲಿ ಇಡಬಹುದು. ಕಾಗದಕ್ಕೆ ತಾಗಬಾರದು ಅಷ್ಟೆ.

ಇನ್ನು ಒಂದು ಮಾತು, ಇದು ಎಲ್ಲಕ್ಕಿಂತ ಮುಖ್ಯ ಅಂತ ನನ್ನ ಅಭಿಪ್ರಾಯ. ಕಾಗದ ಕೈಗೆ ಬಂದ ಕ್ಷಣವೇ ಒಂದು ರಿಜಿಸ್ಟರಿನಲ್ಲಿ ಬರೆಯಿರಿ. ಯಾರು ಕೊಟ್ಟರು, ಅವರಿಗೆ ಯಾರಿಂದ ಬಂತು, ಯಾವ ಊರಿನದು, ಎಲ್ಲಿ ಇಟ್ಟಿದ್ದರು, ಕೊಡುವಾಗ ಏನು ಹೇಳಿದರು. ಆ ಗ್ರೂಪ್ ಫೋಟೊ ಇದೆಯಲ್ಲ, ಅದನ್ನು ದೊಡ್ಡದಾಗಿ ಪ್ರಿಂಟ್ ತೆಗೆಸಿ, ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು, ಒಂದೊಂದು ತಲೆಗೆ ನಂಬರ್ ಹಾಕಿ. ಉಳಿದಿರುವ ಹಿರಿಯರ ಹತ್ತಿರ ಹೋಗಿ ಹೆಸರು ಕೇಳಿ. ಇಬ್ಬರು ಬೇರೆ ಬೇರೆ ಹೆಸರು ಹೇಳಿದರೆ ಎರಡೂ ಬರೆಯಿರಿ, ಯಾರು ಯಾವುದು ಹೇಳಿದರು ಅಂತಲೂ ಬರೆಯಿರಿ. ಸ್ಕ್ಯಾನರು ಮುಂದಿನ ವರ್ಷವೂ ಸಿಗುತ್ತದೆ. ಹೆಸರು ಹೇಳುವವರು ಸಿಗಲ್ಲ.

ಕರೂರು ಸೀಮೆಯವಳು

ರುಮಾಲು ಸರ್ ಹೇಳಿದ ತಕರಾರಿನ ಮಾತಿಗೆ ನಾನೂ ಒಂದು ಸೇರಿಸಬೇಕು. ನನ್ನ ತವರು ತುಮರಿ ಕಡೆ. ನಾವು ಎದ್ದು ಹೋದವರಲ್ಲ, ನೀರು ಸುತ್ತುವರಿದು ಆಚೆ ದಡದಲ್ಲೇ ಉಳಿದವರು. ಈಗ ಬೆಂಗಳೂರಲ್ಲಿದ್ದೇನೆ.

ಟೀಚರ್, ದಯವಿಟ್ಟು ಫೇಸ್‌ಬುಕ್‌ಗೆ ಹಾಗೇ ಹಾಕಬೇಡಿ. ಗೇಣಿ ಚೀಟಿ ಅಂದಿರಿ. ಅದರಲ್ಲಿ ಒಡೆಯರ ಹೆಸರು, ಗೇಣಿದಾರರ ಹೆಸರು, ಜಾತಿ, ಬಾಕಿ ಎಲ್ಲ ಇರುತ್ತೆ ಅಲ್ವಾ? ಆ ಎರಡು ಮನೆಯವರೂ ಇವತ್ತು ಒಂದೇ ಊರಲ್ಲಿ ಇರಬಹುದು. ನಮ್ಮ ಸಾಗರ ತಾಲೂಕಿನಲ್ಲಿ ಗೇಣಿ ಅನ್ನೋದು ಸಣ್ಣ ವಿಷಯ ಅಲ್ಲ. 1951ರಲ್ಲಿ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದು ಭತ್ತ ಅಳೆಯುವ ಕೊಳಗದ ಅಳತೆಯ ಜಗಳದಿಂದಲೇ. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರೇ ಬಂದು ಅರೆಸ್ಟ್ ಆದ ಹೋರಾಟ ಅದು. ಆಮೇಲೆ 1974ರ ಭೂಸುಧಾರಣೆ ಬಂತು, ಉಳುವ ಜಮೀನು ತಮಗೆ ಸಿಗಲಿ ಅಂತ ಡಿಕ್ಲರೇಶನ್ ಹಾಕಿದವರು, ಹಾಕೋಕೆ ಹೆದರಿದವರು, ಹಾಕಿ ಸೋತವರು, ಎಲ್ಲ ಇದ್ದಾರೆ. ನಮ್ಮ ಮನೆಯಲ್ಲೇ ಆ ಮಾತು ತೆಗೆದರೆ ಇಂದಿಗೂ ದೊಡ್ಡವರು ಎದ್ದು ಒಳಗೆ ಹೋಗುತ್ತಾರೆ.

ಹಾಗಂತ ಗೇಣಿ ಚೀಟಿ ಬಿಸಾಡಿ ಅನ್ನುತ್ತಿಲ್ಲ. ನನ್ನ ಕೇಳಿದರೆ ನಿಮ್ಮ ಬೀರುವಿನಲ್ಲಿರುವ ಅತಿ ಬೆಲೆಯ ವಸ್ತು ಅದೇ. ಕೊಳಗ ಎಷ್ಟು ಸೇರಿನದು ಅಂತ ಅದರಲ್ಲಿ ಬರೆದಿದ್ದರೆ ಅದು ಬೇರೆಲ್ಲೂ ಸಿಗದ ಮಾಹಿತಿ. ಕೂಡಿಡಿ, ಸ್ಕ್ಯಾನ್ ಮಾಡಿ, ಆದರೆ ತೆರೆದು ತೋರಿಸುವ ಮೊದಲು ಎರಡೂ ಕಡೆಯವರನ್ನು ಕೇಳಿ. ಬೇಡ ಅಂದರೆ ಇಷ್ಟು ವರ್ಷ ಮುಚ್ಚಿಡುತ್ತೇವೆ ಅಂತ ಬರೆದುಕೊಡಿ.

ಇನ್ನೊಂದು. ಮುಳುಗಡೆ ಅಂದ ಕೂಡಲೇ ಎಲ್ಲರೂ 1964 ಅಂತಾರೆ. ಅದಕ್ಕಿಂತ ಮೊದಲು ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟೆ ಆಗಿತ್ತು. ಅದರ ನೀರಿಗೂ ಊರುಗಳು ಹೋಗಿದ್ದವು. ಆಮೇಲೆ ಲಿಂಗನಮಕ್ಕಿ ಬಂದು ಆ ಅಣೆಕಟ್ಟೆಯನ್ನೇ ಮುಳುಗಿಸಿತು. ಒಂದು ಸಲ ಎದ್ದು, ಮೇಲೆ ಬಂದು ಮನೆ ಕಟ್ಟಿ, ಮತ್ತೆ ಎದ್ದವರು ಇದ್ದಾರೆ. ನಿಮ್ಮ ನೋಟಿಸುಗಳ ಇಸವಿ ಸರಿಯಾಗಿ ನೋಡಿ. 1940ರ ದಶಕದ್ದು ಸಿಕ್ಕರೆ ಬೇರೆ ಕಟ್ಟು ಮಾಡಿ.

ಮತ್ತೆ ಹಿನ್ನೀರು ದಾಟಿಸುವ ಲಾಂಚಿನ ಟಿಕೆಟ್! ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾದು ಕಾದು ಬೆಳೆದವರು ನಾವು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ನಮ್ಮ ಅಮ್ಮ ಅತ್ತುಬಿಟ್ಟರು ಖುಷಿಗೆ. ಹೆರಿಗೆ ನೋವಿನಲ್ಲಿ ರಾತ್ರಿ ಲಾಂಚ್ ಇಲ್ಲದೆ ದಡದಲ್ಲಿ ಕೂತ ಹೆಂಗಸರ ಕಥೆ ಅವರಿಗೆ ಗೊತ್ತು. ಆ ಟಿಕೆಟ್, ವೇಳೆಯ ಬೋರ್ಡು, ಲಾಂಚ್ ನಡೆಸಿದವರ ಮಾತು, ಇವನ್ನು ಈಗಲೇ ಕೂಡಿಸಿ. ಸೇತುವೆ ಆಯಿತಲ್ಲ, ಇನ್ನು ಯಾಕೆ ಅಂತ ಜನ ಎಸೆಯುತ್ತಾರೆ. ಮಷೀನಿನಿಂದ ಬರುವ ನುಣುಪು ಕಾಗದದ ಟಿಕೆಟ್ ಆದರೆ ಅಕ್ಷರ ತಾನಾಗೇ ಮಾಯವಾಗುತ್ತೆ. ಮೊದಲು ಅದರ ಫೋಟೊ ತೆಗೆಯಿರಿ.

ಧ್ವನಿ ಪೆಟ್ಟಿಗೆ

ಕ್ಯಾಸೆಟ್ ಬಗ್ಗೆ ನಾನು ಹೇಳುತ್ತೇನೆ, ನನ್ನ ಕೆಲಸವೇ ಅದು.

ಸಿಕ್ಕಿದ ಟೇಪ್ ರೆಕಾರ್ಡರಿಗೆ ಹಾಕಿ ಕೇಳೋಕೆ ಹೋಗಬೇಡಿ. ಮೊದಲು ಕ್ಯಾಸೆಟ್‌ನ ಮೇಲಂಚಿನಲ್ಲಿರುವ ಎರಡು ಸಣ್ಣ ಪ್ಲಾಸ್ಟಿಕ್ ಪಟ್ಟಿ ಮುರಿಯಿರಿ. ಆಗ ಗೊತ್ತಿಲ್ಲದೆ ರೆಕಾರ್ಡ್ ಬಟನ್ ಒತ್ತಿದರೂ ಹಳೆಯದು ಅಳಿಸಿ ಹೋಗಲ್ಲ. ಆಮೇಲೆ ಬೆಳಕಿಗೆ ಹಿಡಿದು ಕಿಟಕಿಯಲ್ಲಿ ಸುರುಳಿ ನೋಡಿ. ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಬೂಷ್ಟು. ಅದನ್ನು ಹಾಕಿದರೆ ಟೇಪೂ ಹಾಳು, ಮಷೀನಿನ ಹೆಡ್ಡೂ ಹಾಳು, ಆಮೇಲೆ ಹಾಕುವ ಒಳ್ಳೆ ಕ್ಯಾಸೆಟ್ಟಿಗೂ ಅದೇ ಹತ್ತುತ್ತೆ. ಅಂಥದ್ದನ್ನು ಬೇರೆ ಇಡಿ, ಗೊತ್ತಿರುವವರಿಂದ ಸ್ವಚ್ಛ ಮಾಡಿಸಿ.

ಚೆನ್ನಾಗಿರುವುದನ್ನು ಒಮ್ಮೆ ಕೊನೆಯವರೆಗೆ ಓಡಿಸಿ, ಮತ್ತೆ ಹಿಂದಕ್ಕೆ ಸುತ್ತಿ. ಟೇಪ್ ಡೆಕ್ಕಿನಿಂದ ಕಂಪ್ಯೂಟರಿಗೆ ವೈರ್ ಕೊಟ್ಟು, ಆಡಾಸಿಟಿ ಅನ್ನೋ ಸಾಫ್ಟ್‌ವೇರಿನಲ್ಲಿ ರೆಕಾರ್ಡ್ ಮಾಡಿ. ಅದು ಫ್ರೀ. ಎಂಪಿ3ಗೆ ಇಳಿಸಬೇಡಿ, ವೇವ್ ಫೈಲಾಗಿಯೇ ಇಡಿ. 48 ಕಿಲೋಹರ್ಟ್ಸ್, 24 ಬಿಟ್. ಒಂದು ಕ್ಯಾಸೆಟ್ಟಿಗೆ ಒಂದು ಜಿಬಿ ದಾಟಬಹುದು, ಇರಲಿ. ಗೊರಗೊರ ಶಬ್ದ ತೆಗೆಯೋಕೆ ಹೋಗಿ ಮಾತನ್ನೂ ತೆಗೆಯುವವರು ಜಾಸ್ತಿ. ಹಿಂದೆ ಮಳೆ, ನಾಯಿ, ಒಳಗಿಂದ ಯಾರೋ ಕರೆದದ್ದು, ಎಲ್ಲ ಹಾಗೇ ಇರಲಿ. ಕೇಳೋಕೆ ಬೇರೆ ನಕಲು ಮಾಡಿ ಅದರಲ್ಲಿ ಬೇಕಾದ್ದು ಮಾಡಿಕೊಳ್ಳಿ.

ಆಮೇಲೆ ಒಬ್ಬರು ಕೂತು ಕೇಳುತ್ತಾ, ಯಾವ ನಿಮಿಷಕ್ಕೆ ಯಾವ ವಿಷಯ ಅಂತ ಬರೆಯಬೇಕು. ಪೂರ್ತಿ ಮಾತನ್ನು ಬರೆದಿಳಿಸೋಕೆ ಆಗದಿದ್ದರೂ ಪರವಾಗಿಲ್ಲ. ಅಷ್ಟೂ ಇಲ್ಲದಿದ್ದರೆ ಯಾರೂ ಮತ್ತೆ ಕೇಳಲ್ಲ. ಹಿರಿಯರ ಮಾತಲ್ಲಿ ಬರುವ ಗದ್ದೆಯ ಹೆಸರು, ಹಳ್ಳದ ಹೆಸರು, ಕಟ್ಟೆಯ ಹೆಸರು ಬಂದಾಗ ಅದಕ್ಕೆ ಅಡಿಗೆರೆ ಹಾಕಿ. ಮುಳುಗಿದ ಊರಿನಲ್ಲಿ ಆ ಹೆಸರು ಬೇರೆಲ್ಲೂ ಬರೆದಿರಲ್ಲ.

ಹಿನ್ನೀರಿನ ಟೀಚರ್

ಎಲ್ಲರಿಗೂ ತುಂಬಾ ಧನ್ಯವಾದ. ಲ್ಯಾಮಿನೇಷನ್ ಕಟ್ಟು ವಾಪಸ್ ಬಂತು. ಅಂಗಡಿಯವರು ಕೆಲಸ ಜಾಸ್ತಿ ಅಂತ ಇನ್ನೂ ಮುಟ್ಟಿರಲಿಲ್ಲ. ಡೇರಿ ಕೋಣೆಯ ಬಗ್ಗೆ ರುಮಾಲು ಸರ್ ಹೇಳಿದ್ದು ನಿಜ, ನೆಲ ಯಾವಾಗಲೂ ಒದ್ದೆ. ಶಾಲೆಯ ಮಹಡಿಯ ಬಗ್ಗೆ ಹೆಡ್ ಮಾಸ್ಟರ ಹತ್ತಿರ ಮಾತಾಡಿದ್ದೇನೆ.

ಕರೂರು ಸೀಮೆಯ ಅಕ್ಕ, ನೀವು ಹೇಳಿದ ಮೇಲೆ ನೋಟಿಸುಗಳ ಇಸವಿ ನೋಡಿದೆ. ಎರಡು ಕಾಗದ 1940ರ ದಶಕದವು. ಎರಡು ಸಲ ಎದ್ದ ಮನೆ ನಮ್ಮ ಊರಲ್ಲೇ ಇದೆ ಅಂತ ನನಗೆ ಇಷ್ಟು ದಿನ ತಿಳಿದಿರಲಿಲ್ಲ. ಆ ಮನೆಯ ಹುಡುಗಿ ನನ್ನ ಕ್ಲಾಸಿನಲ್ಲೇ ಇದ್ದಾಳೆ.

ಇನ್ನೂ ಮೂರು ಪ್ರಶ್ನೆ ಉಳಿದಿದೆ. ಕೂಟವನ್ನು ರಿಜಿಸ್ಟರ್ ಮಾಡಿಸಬೇಕಾ? ಸ್ಕ್ಯಾನ್ ಮಾಡೋಕೆ ಮೊಬೈಲ್ ಸಾಕಾ? ಮತ್ತೆ ಅಜ್ಜನ ನಕ್ಷೆ. ಅವರಿಗೆ ಎಂಬತ್ತು ದಾಟಿದೆ. ನಮ್ಮ ಮೇಲೆ ಸಿಟ್ಟೇನಿಲ್ಲ, ಪ್ರೀತಿಯಿಂದ ಕಾಫಿ ಕೊಡುತ್ತಾರೆ. ನಕ್ಷೆಯನ್ನು ತೋರಿಸುತ್ತಾರೆ ಕೂಡ. ಆದರೆ ಫೋಟೊ ಅಂದ ಕೂಡಲೇ ಮಡಚಿ ಇಡುತ್ತಾರೆ.

ರುಮಾಲು

ಕಟ್ಟು ವಾಪಸ್ ಬಂದದ್ದು ಕೇಳಿ ಸಮಾಧಾನವಾಯಿತು.

ರಿಜಿಸ್ಟರ್ ಮಾಡಿಸಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಏಳು ಜನ ಇದ್ದರೆ ಸಾಕು. ಆದರೆ ಬೈಲಾದಲ್ಲಿ ಒಂದು ಸಾಲು ತಪ್ಪದೆ ಇರಲಿ: ಕೂಟ ನಿಂತು ಹೋದರೆ ಬೀರುವಿನಲ್ಲಿರುವುದು ಎಲ್ಲಿಗೆ ಹೋಗಬೇಕು. ಅಸಲು ಕೊಟ್ಟವರ ಮನೆಗೆ, ನಕಲು ಮತ್ತು ರಿಜಿಸ್ಟರು ಕೆಳದಿಗೋ ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೋ. ಅವರನ್ನು ಈಗಲೇ ಕೇಳಿ ಒಪ್ಪಿಗೆ ಪತ್ರ ತೆಗೆದಿಟ್ಟುಕೊಳ್ಳಿ. ಸಾಗರದ ಓದುಗರು ಎತ್ತಿದ ಭಯಕ್ಕೆ ಇದೇ ಮದ್ದು. ಸಂಗ್ರಹ ಮಾಡಿದ ಹಿರಿಯರು ಹೋದ ವಾರಕ್ಕೇ ಮನೆಯವರು ಎಲ್ಲವನ್ನೂ ಗುಜರಿಗೆ ಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮನೆಯವರದ್ದು ತಪ್ಪಿಲ್ಲ, ಅವರಿಗೆ ಯಾರೂ ಹೇಳಿರಲಿಲ್ಲ.

ಸಂಘ ಅಂದರೆ ಎಷ್ಟು ಕಾಲ ಬಾಳಬಹುದು ಅನ್ನೋದಕ್ಕೆ ಉದಾಹರಣೆ ನಮ್ಮಲ್ಲೇ ಇದೆ. ಧಾರವಾಡದ ವಿದ್ಯಾವರ್ಧಕ ಸಂಘ 1890ರದು. ಬೆಂಗಳೂರಿನ ಮಿಥಿಕ್ ಸೊಸೈಟಿ 1909ರದು. ಮಿಥಿಕ್ ಸೊಸೈಟಿಯವರು 2021ರಿಂದ ಬೆಂಗಳೂರಿನ ಸುತ್ತಮುತ್ತಲ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಅದರ ಹಿಂದೆ ಇರುವುದು ಊರಿನ ಸಾಮಾನ್ಯ ಜನರ ಆಸಕ್ತಿ. ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು ನೋಡಿ, ಕ್ರಿ.ಶ. 750ರ ಸುಮಾರಿನದು. ಅದನ್ನು ಉಳಿಸಿ ಮಂಟಪ ಕಟ್ಟಿದವರು ಅಲ್ಲಿನ ಜನ. ಶಾಸನ ಸಂಶೋಧಕ ಬಿ.ಎಲ್. ರೈಸ್ 1905ರಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟ ಅಚ್ಚು ಹಾಕಿಸಿದಾಗ ಇದ್ದ ಎಷ್ಟೋ ಕಲ್ಲುಗಳು ಇವತ್ತು ಇಲ್ಲ, ರಸ್ತೆಯ ಅಡಿಗೆ, ಲೇಔಟಿನ ಅಡಿಗೆ ಹೋಗಿವೆ. ಅದರಲ್ಲಿ ಏನು ಬರೆದಿತ್ತು ಅಂತ ನಮಗೆ ಗೊತ್ತಿರುವುದು ರೈಸ್ ನಕಲು ಮಾಡಿಟ್ಟದ್ದರಿಂದ. ಕಲ್ಲಿಗೇ ಹೀಗಾದರೆ ಕಾಗದದ ಗತಿ ಏನು? ನಕಲಿನ ಬೆಲೆ ಅದು.

ಮೊಬೈಲ್ ಸಾಕು, ಆದರೆ ಕೈಯಲ್ಲಿ ಹಿಡಿದು ಬೇಡ. ಸ್ಟ್ಯಾಂಡ್ ಮಾಡಿಸಿ, ಕ್ಯಾಮೆರಾ ನೇರ ಕೆಳಗೆ ನೋಡಬೇಕು. ಎರಡು ಪಕ್ಕದಿಂದ ಒಂದೇ ಥರದ ಎರಡು ಬಲ್ಬು ಓರೆಯಾಗಿ. ಫ್ಲ್ಯಾಶ್ ಬೇಡ. ಪ್ರತಿ ಫೋಟೊದಲ್ಲಿ ಪಕ್ಕಕ್ಕೆ ಒಂದು ಸ್ಕೇಲು ಇಡಿ, ಕಾಗದ ಎಷ್ಟು ದೊಡ್ಡದು ಅಂತ ಮುಂದಿನವರಿಗೆ ತಿಳಿಯಬೇಕು. ಹಿಂಭಾಗ ಖಾಲಿ ಇದ್ದರೂ ಅದರದ್ದೂ ಫೋಟೊ ಬೇಕು. ಮೊಬೈಲಿನ ಸ್ಕ್ಯಾನ್ ಆ್ಯಪ್‌ಗಳು ಕಾಗದವನ್ನು ಬೆಳ್ಳಗೆ ಮಾಡಿ ಸೀಲಿನ ಗುರುತನ್ನೇ ಅಳಿಸಿಬಿಡುತ್ತವೆ, ಅವು ಬೇಡ. ಮಾಮೂಲಿ ಕ್ಯಾಮೆರಾದಲ್ಲೇ ತೆಗೆಯಿರಿ. ಹಳೇ ಫೋಟೊಗಳಿಗೆ ಮಾತ್ರ ಎಲ್ಲಾದರೂ ಗಾಜಿನ ಸ್ಕ್ಯಾನರ್ ಹುಡುಕಿ, 600 ಡಿಪಿಐನಲ್ಲಿ ಟಿಫ್ ಫೈಲ್ ಮಾಡಿ. ಫೈಲಿನ ಹೆಸರು ರಿಜಿಸ್ಟರಿನ ನಂಬರೇ ಇರಲಿ, ಅಂದ ಚಂದದ ಹೆಸರು ಬೇಡ. ಮೂರು ಪ್ರತಿ ಮಾಡಿ. ಒಂದು ಶಾಲೆಯಲ್ಲಿ, ಒಂದು ಬೇರೆ ಊರಲ್ಲಿರುವ ನಿಮ್ಮವರ ಮನೆಯಲ್ಲಿ, ಒಂದು ಇಂಟರ್‌ನೆಟ್ಟಿನಲ್ಲಿ. ಎಲ್ಲರೂ ನೋಡಬಹುದು ಅಂತ ಒಪ್ಪಿಗೆ ಸಿಕ್ಕಿದ್ದನ್ನು ಇಂಟರ್‌ನೆಟ್ ಆರ್ಕೈವ್‌ಗೆ ಹಾಕಿ, ಫೇಸ್‌ಬುಕ್‌ಗಿಂತ ಅದು ವಾಸಿ. ಫೇಸ್‌ಬುಕ್ಕಿನಲ್ಲಿ ಫೋಟೊ ಕುಗ್ಗಿ ಹೋಗುತ್ತೆ, ಎರಡು ತಿಂಗಳಾದರೆ ಹುಡುಕಿದರೂ ಸಿಗಲ್ಲ.

ಒಪ್ಪಿಗೆ ಪತ್ರಕ್ಕೆ ವಕೀಲರ ಭಾಷೆ ಬೇಡ. ಇಷ್ಟೇ ಸಾಕು: "ನಮ್ಮ ಮನೆಯ ಈ ಕಾಗದದ ನಕಲು ತೆಗೆಯಲು ಒಪ್ಪಿದ್ದೇವೆ. ಅಸಲು ನಮಗೆ ವಾಪಸ್ ಬಂದಿದೆ. ಈ ನಕಲನ್ನು ಎಲ್ಲರಿಗೂ ತೋರಿಸಬಹುದು / ಕೇಳಿಕೊಂಡು ಬಂದವರಿಗೆ ಮಾತ್ರ ತೋರಿಸಬಹುದು / ಇಂಥ ಇಸವಿಯವರೆಗೆ ಯಾರಿಗೂ ತೋರಿಸಬಾರದು." ಬೇಡದ್ದನ್ನು ಹೊಡೆದು ಹಾಕಿ ಸಹಿ ತೆಗೆದುಕೊಳ್ಳಿ. ಎರಡು ಪ್ರತಿ, ಒಂದು ಅವರಿಗೆ. ಸಹಿ ಬಾರದವರಿಗೆ ಓದಿ ಹೇಳಿ ಹೆಬ್ಬೆಟ್ಟು. ಗೇಣಿ ಚೀಟಿಗೆ ಕರೂರಿನ ಅಕ್ಕ ಹೇಳಿದ ಹಾಗೆ ಎರಡೂ ಕಡೆಯವರದ್ದು ತೆಗೆದುಕೊಳ್ಳಿ. ನನಗೆ ಹೊಳೆಯದ ಮಾತು ಅದು, ತುಂಬಾ ಸರಿ.

ಇನ್ನು ಅಜ್ಜನ ನಕ್ಷೆ. ಫೋಟೊ ಕೇಳೋದು ಬಿಟ್ಟುಬಿಡಿ ಸದ್ಯಕ್ಕೆ. ಮುಳುಗಡೆಯವರಿಂದ ಕಾಗದ ಇಸಿದುಕೊಂಡು ಹೋದವರು ಬಹಳ ಜನ ಇದ್ದಾರೆ, ವಾಪಸ್ ತಂದು ಕೊಟ್ಟವರು ಕಮ್ಮಿ. ಅವರ ಅನುಮಾನಕ್ಕೆ ಕಾರಣ ಇದೆ. ಹೀಗೆ ಮಾಡಿ. ಭೂಮಾಪನ ಇಲಾಖೆಯಲ್ಲಿ ಆ ಊರಿನ ಗ್ರಾಮ ನಕ್ಷೆಗೆ ಅರ್ಜಿ ಹಾಕಿ. ಊರು ಮುಳುಗಿದ್ದರೂ ಅದರ ಸರ್ವೆ ನಂಬರು ದಾಖಲೆಯಲ್ಲಿ ಇರಬೇಕು. ನಕ್ಷೆ ಸಿಕ್ಕರೆ ದೊಡ್ಡದಾಗಿ ಪ್ರಿಂಟ್ ತೆಗೆಸಿ ಅಜ್ಜನಿಗೆ ತೆಗೆದುಕೊಂಡು ಹೋಗಿ ಕೊಡಿ. ಕೇಳೋಕೆ ಹೋಗಬೇಡಿ, ಕೊಡೋಕೆ ಹೋಗಿ. ಸರ್ಕಾರಿ ನಕ್ಷೆಯಲ್ಲಿ ಗಡಿ, ನಂಬರು, ಹಳ್ಳ ಇರುತ್ತೆ. ಯಾರ ಮನೆ ಯಾವುದು, ಯಾವ ಮರದ ಕೆಳಗೆ ಚೌಡಿ ಇತ್ತು, ಶಾಲೆಗೆ ಹೋಗುವ ಒಳದಾರಿ ಯಾವುದು, ಇದ್ಯಾವುದೂ ಇರಲ್ಲ. ಅದು ಅಜ್ಜನ ನಕ್ಷೆಯಲ್ಲಿ ಮಾತ್ರ ಇರೋದು. ಎರಡನ್ನೂ ಪಕ್ಕದಲ್ಲಿ ಇಟ್ಟರೆ ಅವರೇ ಬೆರಳಿಟ್ಟು ಹೇಳೋಕೆ ಶುರು ಮಾಡುತ್ತಾರೆ. ಒಪ್ಪಿದರೆ ಆ ಮಾತನ್ನು ರೆಕಾರ್ಡ್ ಮಾಡಿ. ನಿಮ್ಮ ಪ್ರಿಂಟಿನ ಮೇಲೆ ಅವರ ಕೈಯಿಂದಲೇ ಪೆನ್ಸಿಲಿನಲ್ಲಿ ಹೆಸರು ಬರೆಸಿ. ಆ ಪ್ರತಿ ನಿಮ್ಮದು, ಮೂಲ ಅವರದು.

ಬೇಸಿಗೆಯಲ್ಲಿ ಹಿನ್ನೀರು ತುಂಬಾ ಇಳಿದ ವರ್ಷ ಹಳೇ ಊರುಗಳ ಪಾಯ, ಕಟ್ಟೆ ಮೇಲೆ ಬರುತ್ತವೆ, ಮಡೆನೂರು ಅಣೆಕಟ್ಟೆಯೂ ಕಾಣುತ್ತದೆ. ಅಂಥ ವರ್ಷ ಬಂದರೆ ನಕ್ಷೆಯ ಪ್ರತಿ ಹಿಡಿದುಕೊಂಡು ಹೋಗಿ, ಮೊಬೈಲಿನ ಜಿಪಿಎಸ್‌ನಲ್ಲಿ ಒಂದೊಂದು ಪಾಯದ ಜಾಗ ಗುರುತು ಮಾಡಿ. ಕೆಸರಿನಲ್ಲಿ ಹುಷಾರು, ಮಕ್ಕಳನ್ನು ಕರೆದುಕೊಂಡು ಹೋಗಬೇಡಿ.

ಕರೂರು ಸೀಮೆಯವಳು

ಟೀಚರ್, ಗಾಜಿನ ಸ್ಕ್ಯಾನರ್ ನನ್ನ ಹತ್ತಿರ ಒಂದು ಇದೆ, ಆಫೀಸಿನವರು ಬದಲಾಯಿಸಿದಾಗ ಕೊಂಡದ್ದು. ದೀಪಾವಳಿಗೆ ಊರಿಗೆ ಬರುವಾಗ ತಂದುಕೊಡುತ್ತೇನೆ. ಅಮ್ಮನ ಹತ್ತಿರ ಲಾಂಚಿನ ಹಳೇ ಟಿಕೆಟ್ ಇವೆಯಾ ಅಂತ ಇವತ್ತೇ ಕೇಳುತ್ತೇನೆ. ಎರಡು ಸಲ ಎದ್ದ ಆ ಮನೆಯವರನ್ನು ಭೇಟಿ ಮಾಡಿಸಿ. ನಮ್ಮ ಕಡೆಯವರೇ ಇರಬೇಕು, ನಮ್ಮ ಅಮ್ಮನಿಗೆ ಅವರ ಪರಿಚಯ ಇದ್ದರೂ ಇರಬಹುದು.

ಹಿನ್ನೀರಿನ ಟೀಚರ್

ಖಂಡಿತ ಬನ್ನಿ ಅಕ್ಕ, ಅಮ್ಮನನ್ನೂ ಕರೆದುಕೊಂಡು ಬನ್ನಿ. ಸರ್, ಗ್ರಾಮ ನಕ್ಷೆಗೆ ಸೋಮವಾರ ಅರ್ಜಿ ಹಾಕುತ್ತೇನೆ. ಒಪ್ಪಿಗೆ ಪತ್ರವನ್ನು ನೀವು ಬರೆದ ಹಾಗೇ ಟೈಪ್ ಮಾಡಿಸಿದೆ. ಒಂದು ಸಾಲು ಮಾತ್ರ ಸೇರಿಸಿದ್ದೇನೆ: "ಈ ಕಾಗದ ಮುಂದೆ ನಮಗೆ ಕಚೇರಿ ಕೆಲಸಕ್ಕೆ ಬೇಕಾದರೆ ಕೂಟದವರು ನಕಲನ್ನು ದುಡ್ಡಿಲ್ಲದೆ ಕೊಡತಕ್ಕದ್ದು." ಮೊನ್ನೆ ಓದಿ ಹೇಳಿದಾಗ ಜನ ಆ ಸಾಲಿಗೇ ಹೆಚ್ಚು ತಲೆಯಾಡಿಸಿದರು. ಇಷ್ಟು ದಿನ ಕೊಡಲು ಹಿಂಜರಿಯುತ್ತಿದ್ದ ಎರಡು ಮನೆಯವರು ಸಂಜೆಯೇ ಟ್ರಂಕ್ ತೆರೆದು ತೋರಿಸಿದರು.